ಕ್ಯಾಮೆರಾ ಕಂಡದ್ದು, ಕಂಪ್ಯೂಟರ್ ತೋರಿಸದ್ದು

ಡೊಂಬಿವಲಿ ಪೂರ್ವದ ಒಂದು ಹಳೆಯ ಹೌಸಿಂಗ್ ಸೊಸೈಟಿಯ ಎರಡನೇ ಮಾಳಿಗೆಯಲ್ಲಿ ಜಯಲತಕ್ಕನ ಮನೆ. ಮದುವೆಯಾಗಿ ಕಾರ್ಕಳದ ಕಡೆಯಿಂದ ಇಲ್ಲಿಗೆ ಬಂದಾಗ ಅವರ ಕೈಯಲ್ಲಿದ್ದ ವಿದ್ಯೆ ಕನ್ನಡ ಟೈಪಿಂಗ್ ಒಂದೇ. ಮುಂಬಯಿ ಕಡೆ ಅದರಿಂದ ಏನು ಪ್ರಯೋಜನ ಎಂದು ಎಲ್ಲರೂ ನಕ್ಕಿದ್ದರು. ಆದರೆ ಥಾಣೆಯ ಕೋಪರಿಯಲ್ಲಿ ಸಂಕರ್ಷಣ ಎಂಬವರ ವಿಡಿಯೊ ಸ್ಟುಡಿಯೊ ಇತ್ತು. ಊರ ಕಡೆಯವರ ಮದುವೆ, ಸೀಮಂತ, ಶನಿಪೂಜೆ, ಯಕ್ಷಗಾನ, ಎಲ್ಲದಕ್ಕೂ ಶೂಟಿಂಗ್ ಅವರದೇ. ಕ್ಯಾಸೆಟ್ಟಿನ ಶುರುವಿಗೆ ವಧೂವರರ ಹೆಸರು ಕನ್ನಡದಲ್ಲೇ ಬರಬೇಕೆಂದು ಗಿರಾಕಿಗಳು ಹಟ ಹಿಡಿದಾಗ ಸಂಕರ್ಷಣರಿಗೆ ಊರ ಪರಿಚಯದ ಜಯಲತಕ್ಕನ ನೆನಪಾಯಿತು. ಹೆಸರು ಟೈಪ್ ಮಾಡಲು ಹೋದವರು ಮೆಲ್ಲನೆ ಎಡಿಟಿಂಗ್ ಕಲಿತರು. ಎಲ್ಲಿ ಕತ್ತರಿಸಬೇಕು, ಧಾರೆ ಎರೆಯುವಾಗ ಯಾರ ಮುಖ ಬರಲೇಬೇಕು, ಊಟದ ಪಂಕ್ತಿಯಲ್ಲಿ ಬಾಯಿ ತೆರೆದು ಕೂತ ಯಾವ ಮಾವನನ್ನು ತೆಗೆಯಬೇಕು, ಇವೆಲ್ಲ ಅವರಿಗೆ ಬೇಗ ಒಲಿದವು. ಮಗಳು ಅಶ್ಮಿತಾ ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡರು. ಟೇಪುಗಳು ಕೋಪರಿಯಿಂದ ಬರುತ್ತಿದ್ದವು, ಮುಗಿದ ಡಿಸ್ಕುಗಳು ಅಲ್ಲಿಗೆ ಹೋಗುತ್ತಿದ್ದವು.

ಗಂಡ ಮೋಹನದಾಸ ವಾಶಿಯ ಮಾರ್ಕೆಟ್ಟಿನ ಹತ್ತಿರ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಮುಂಜಾನೆಯ ತಿಂಡಿಗೇ ಅಲ್ಲಿ ಜನ ಮುಗಿಬೀಳುವುದರಿಂದ ಕತ್ತಲೆ ಇರುವಾಗಲೇ ಮನೆ ಬಿಡಬೇಕು. ಹೀಗಾಗಿ ಬೆಳಗಿನ ಹೊತ್ತು ಮನೆಯಲ್ಲಿ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತಿರಲಿಲ್ಲ.

ಅಶ್ಮಿತಾ ಒಂಬತ್ತನೇ ತರಗತಿಗೆ ಬಂದ ವರ್ಷ, ಎರಡು ಸಾವಿರದ ಎಂಟರಲ್ಲಿ, ಬೆಳಗಾಗೆದ್ದೊಡನೆ ಅವಳ ಕೈಯಿಂದ ವಸ್ತುಗಳು ಬೀಳತೊಡಗಿದವು. ಮೊದಲು ಬ್ರಷ್ಷು. ಆಮೇಲೆ ಚಹಾದ ಲೋಟ. ಒಂದು ದಿನ ಮಿಕ್ಸಿಯ ಜಾರು ಬಿದ್ದು ಚಟ್ನಿ ಗೋಡೆಗೆಲ್ಲ ಸಿಡಿಯಿತು.

"ಕೈಯಲ್ಲಿ ಜೀವ ಇಲ್ವಾ ನಿಂಗೆ?" ಎಂದು ಜಯಲತಕ್ಕ ಬೈದರು. ರಾತ್ರಿ ಮೋಹನದಾಸರೂ ಬೈದರು. ತಂದೆತಾಯಿ ತುಳುವಿನಲ್ಲೋ ಕನ್ನಡದಲ್ಲೋ ಏನು ಕೇಳಿದರೂ ಅವಳು ಹಿಂದಿಯಲ್ಲಿ ಉತ್ತರಿಸುವವಳು. ಆ ದಿನ ಹಿಂದಿಯೂ ಇರಲಿಲ್ಲ.

ಆಮೇಲೊಂದು ದಿನ ಜಯಲತಕ್ಕ ಅದನ್ನು ಕಣ್ಣಾರೆ ಕಂಡರು. ಅಶ್ಮಿತಾ ಬೇಸಿನ್ನಿನ ಮುಂದೆ ನಿಂತು ಹಲ್ಲುಜ್ಜುತ್ತಿದ್ದಳು. ಅವಳ ಬಲಭುಜ, ಯಾರೋ ಹಿಂದಿನಿಂದ ತಟ್ಟಿದ ಹಾಗೆ, ಒಮ್ಮೆ ಹಾರಿ ನಿಂತಿತು. ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯಲಿಲ್ಲ. ಬ್ರಷ್ಷು ನೆಲದಲ್ಲಿತ್ತು. ಹುಡುಗಿ ಬಗ್ಗಿ ಎತ್ತಿಕೊಂಡು, ತೊಳೆದು, ಮತ್ತೆ ಉಜ್ಜತೊಡಗಿದಳು. ಹೀಗಾಗುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು ಎಂಬುದೇ ಜಯಲತಕ್ಕನಿಗೆ ಹೆಚ್ಚು ಹೆದರಿಕೆ ತಂದಿತು.

ಸೊಸೈಟಿಯ ಕೆಳಗಿನ ಡಾಕ್ಟರು ನಿಶ್ಶಕ್ತಿ ಎಂದು ಟಾನಿಕ್ ಬರೆದರು. ಅದರಿಂದ ಏನೂ ಆಗದಿದ್ದಾಗ ಥಾಣೆಯಲ್ಲಿ ನರರೋಗದ ಡಾಕ್ಟರೊಬ್ಬರನ್ನು ಹುಡುಕಿ ಹೋದರು. ನಡುವಯಸ್ಸಿನ ಮರಾಠಿ ಹೆಂಗಸು, ಮೃದು ಮಾತಿನವರು. ಮೆದುಳಿನ ಅಲೆಗಳ ಪರೀಕ್ಷೆ ಮಾಡಿಸಿದರು. ಅದರಲ್ಲಿ ಏನೂ ಸಿಗಲಿಲ್ಲ. ಸಂಜೆಯ ಹೊತ್ತು ಕ್ಲಿನಿಕ್ಕಿನಲ್ಲಿ ಕೂತ ಅಶ್ಮಿತಾ ಎಲ್ಲರ ಹಾಗೆ ಇದ್ದಳು.

"ನೀವು ಹೇಳುವುದನ್ನು ನಾನು ನಂಬುತ್ತೇನೆ," ಎಂದರು ಡಾಕ್ಟರು ಹಿಂದಿಯಲ್ಲಿ. "ಆದರೆ ನೋಡದೆ ಔಷಧ ಶುರು ಮಾಡಲಾಗದು. ತಪ್ಪು ಮಾತ್ರೆ ಕೊಟ್ಟರೆ ಇದು ಹೆಚ್ಚಾಗುವುದೂ ಉಂಟು. ಬೆಳಿಗ್ಗೆ ಆಗುವುದನ್ನು ವಿಡಿಯೊ ಮಾಡಿ ತರುವುದಕ್ಕೆ ಆಗುತ್ತದಾ?"

ವಿಡಿಯೊ! ತನಗೆ ಇದಕ್ಕಿಂತ ಸುಲಭದ ಕೆಲಸ ಯಾವುದಿದೆ ಎಂದುಕೊಂಡರು ಜಯಲತಕ್ಕ.

ಸಂಕರ್ಷಣರ ಕ್ಯಾಮೆರಾಗಳು ಮದುವೆ ಸೀಸನ್ನಿನಲ್ಲಿ ಒಂದು ದಿನವೂ ಬಿಡುವಾಗಿರುತ್ತಿರಲಿಲ್ಲ. ಅಷ್ಟು ದೊಡ್ಡದನ್ನು ಮಗಳ ಕಣ್ಣಿಗೆ ಬೀಳದ ಹಾಗೆ ಇಡುವುದೂ ಸಾಧ್ಯವಿರಲಿಲ್ಲ. ಆಗ ಮಸ್ಕತ್ತಿನಲ್ಲಿದ್ದ ತಮ್ಮ ರಿತೇಶ್ ರಜೆಯಲ್ಲಿ ಬಂದಿದ್ದ. ಅವನ ಹತ್ತಿರ ಅಂಗೈಯಷ್ಟೇ ದೊಡ್ಡದಾದ ಹೊಸ ಕ್ಯಾಮೆರಾ. ಟೇಪು ಇಲ್ಲ, ಒಳಗೇ ಹಾರ್ಡ್ ಡಿಸ್ಕ್. ಅಕ್ಕ ಕೇಳಿದಳೆಂದು ಅದನ್ನು ಬಿಟ್ಟು ಅವನು ಊರಿಗೆ ಹೋದ. ವಾಪಸ್ ವಿಮಾನ ಹತ್ತುವಾಗ ತೆಗೆದುಕೊಂಡು ಹೋಗುವುದೆಂದು ಮಾತಾಯಿತು.

ಜಯಲತಕ್ಕ ಅದನ್ನು ಫ್ರಿಜ್ಜಿನ ಮೇಲೆ ಸ್ಟೀಲ್ ಡಬ್ಬಗಳ ನಡುವೆ ಇಟ್ಟರು. ಬೆಳಿಗ್ಗೆ ಮಗಳು ಏಳುವ ಮೊದಲು ಚಾಲೂ ಮಾಡಿ, ಒಲೆಯ ಮುಂದೆ ನಿಂತು ಕಾಯುತ್ತಿದ್ದರು. ಗಾಜಿನ ಲೋಟ ಒಳಗಿಟ್ಟು ಪ್ಲಾಸ್ಟಿಕ್ಕಿನದನ್ನು ಹೊರಗಿಟ್ಟರು. ಬೇಕೆಂದೇ ಅವಳ ಕೈಗೆ ಒಂದಲ್ಲ ಒಂದು ವಸ್ತು ಕೊಟ್ಟರು. "ಆ ಪಾತ್ರೆ ಇತ್ತ ತಾ," "ಈ ಲೋಟ ಅತ್ತ ಇಡು." ಏನೂ ಆಗದ ದಿನ ಒಳಗೊಳಗೇ ನಿರಾಶೆಯಾಗುತ್ತಿತ್ತು. ಹಾಗೆ ನಿರಾಶೆಯಾದದ್ದು ಅರಿವಾದಾಗ ತನ್ನ ಮೇಲೇ ನಾಚಿಕೆಯಾಗುತ್ತಿತ್ತು. ತನ್ನ ಮಗಳಿಗೆ ಅದು ಬರಲಿ, ಕ್ಯಾಮೆರಾದ ಎದುರಿಗೇ ಬರಲಿ ಎಂದು ಬಯಸುವ ತಾಯಿ ತಾನೊಬ್ಬಳೇ ಇರಬೇಕು ಎನಿಸುತ್ತಿತ್ತು.

ಕೆಲವು ಬೆಳಗುಗಳಲ್ಲಿ ಅದು ಬಂತು. ಮಗಳು ಶಾಲೆಗೆ ಹೋದ ಮೇಲೆ ಜಯಲತಕ್ಕ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದರು. ಭುಜ ಹಾರುವುದು ಅಲ್ಲಿ ಕಂಡಿತು. ಸರಿ, ಇನ್ನು ಕತ್ತರಿಸಿ ಡಿಸ್ಕಿಗೆ ಹಾಕಿದರಾಯಿತು.

ಆದರೆ ಆ ಫೈಲುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡರೆ ಎಡಿಟಿಂಗ್ ಸಾಫ್ಟ್‌ವೇರ್ ಅವನ್ನು ಮುಟ್ಟಲೇ ಇಲ್ಲ. ಟೇಪಿನಿಂದ ವೈರ್ ಹಾಕಿ ಎಳೆದದ್ದನ್ನೆಲ್ಲ ಇಷ್ಟು ವರ್ಷ ಸುಮ್ಮನೆ ನುಂಗಿದ ಸಾಫ್ಟ್‌ವೇರ್, ಈ ಹೊಸ ಜಾತಿಯ ಫೈಲ್ ಕಂಡೊಡನೆ ತೆರೆಯಲಾಗದು ಎಂದುಬಿಟ್ಟಿತು. ಹಾಡು, ಸಿನಿಮಾ ನೋಡುವ ಪ್ಲೇಯರಿನಲ್ಲೂ ಕಪ್ಪು ಪರದೆಯೇ. ಇಂಟರ್ನೆಟ್ಟಿನಲ್ಲಿ ಹುಡುಕಿ, ಒಂದು ಬಗೆಯ ವಿಡಿಯೊವನ್ನು ಇನ್ನೊಂದು ಬಗೆಗೆ ಬದಲಾಯಿಸುವ ಪುಕ್ಕಟೆ ಕನ್ವರ್ಟರ್ ಇಳಿಸಿಕೊಂಡರು. ಮೊದಲ ಸಲ ಚಿತ್ರ ಬಂತು, ಧ್ವನಿ ಬರಲಿಲ್ಲ. ಎರಡನೇ ಸಲ ಎರಡೂ ಬಂದವು, ಆದರೆ ಅಶ್ಮಿತಾ ಹಿಂಡಿ ಎಳೆದ ಹಾಗೆ ಉದ್ದವಾಗಿ ಕಂಡಳು. ನಡುನಡುವೆ ಲೋಡ್‌ಶೆಡ್ಡಿಂಗ್. ಆ ವರ್ಷ ಡೊಂಬಿವಲಿಯಲ್ಲಿ ಕರೆಂಟು ಹೋಗುವುದು ದಿನನಿತ್ಯದ ಮಾತು. ಅರ್ಧ ಬದಲಾದ ಫೈಲು ಯಾವ ಕೆಲಸಕ್ಕೂ ಬಾರದೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ಕೊನೆಗೆ ಬೇಗ ಮುಗಿಯಲಿ, ಡಾಕ್ಟರರ ಯಾವ ಕಂಪ್ಯೂಟರಿನಲ್ಲಾದರೂ ಓಡಲಿ ಎಂದು ಕನ್ವರ್ಟರಿನ ಪಟ್ಟಿಯಲ್ಲಿದ್ದ ಎಲ್ಲಕ್ಕಿಂತ ಸಣ್ಣ ಫೈಲಿನ ಬಗೆಯನ್ನು ಆರಿಸಿದರು. ಅದು ಬೇಗ ಮುಗಿಯಿತು. ಸಿಡಿಯೂ ತಯಾರಾಯಿತು, ಓಡುತ್ತದೆಯೇ ಎಂದಷ್ಟೇ ನೋಡಿದರು. ಅಷ್ಟರಲ್ಲಿ ರಿತೇಶ್ ಬಂದು, ಕ್ಯಾಮೆರಾ ತೆಗೆದುಕೊಂಡು, ಎಲ್ಲ ಅಳಿಸಿ, ವಿಮಾನ ಹತ್ತಿದ್ದ.

ಡಾಕ್ಟರರ ಹತ್ತಿರ ಆ ಸಲ ಮೋಹನದಾಸರೂ ರಜೆ ಹಾಕಿ ಬಂದಿದ್ದರು. ಅಶ್ಮಿತಾಳನ್ನು ಹೊರಗೆ ಕೂರಿಸಿದ್ದರು. ಸಿಡಿ ಓಡಿತು. ಅಶ್ಮಿತಾ ಲೋಟ ಹಿಡಿದು ನಿಂತಿದ್ದಾಳೆ. ಲೋಟ ನೆಲದ ಮೇಲಿದೆ. ಡಾಕ್ಟರು ಹಿಂದಕ್ಕೆ ಹೋಗಿ ಮತ್ತೆ ನೋಡಿದರು. ಮೂರನೇ ಸಲ ಕುರ್ಚಿ ಮುಂದಕ್ಕೆಳೆದುಕೊಂಡು ನೋಡಿದರು.

"ಲೋಟ ಬೀಳುವುದು ಕಾಣುತ್ತದೆ. ಯಾಕೆ ಬೀಳುತ್ತದೆ ಎಂಬುದು ಕಾಣುತ್ತಿಲ್ಲ," ಎಂದರು. "ಇಷ್ಟರ ಮೇಲೆ ನಾನು ಏನೂ ಹೇಳಲಾರೆ. ಇನ್ನೂ ಸ್ವಲ್ಪ ದಿನ ಗಮನಿಸಿ."

ಮರಳುವಾಗ ಥಾಣೆ ಸ್ಟೇಶನ್ನಿನ ಮೇಲ್ಸೇತುವೆಯಲ್ಲಿ ಜನರ ತಳ್ಳಾಟದ ನಡುವೆ ಮೋಹನದಾಸರು ಮೆಲ್ಲಗೆ ಹೇಳಿದರು, "ನೋಡು ಜಯಾ, ಇನ್ನು ಸಾಕು. ಇಲ್ಲದ ರೋಗ ನಾವೇ ಹಚ್ಚುವುದು ಬೇಡ. ನಾಳೆ ಹೆಣ್ಣು ನೋಡಲಿಕ್ಕೆ ಬರುವವರ ಕಿವಿಗೆ ಬಿದ್ರೆ ಎಂತ ಆಗ್ತದೆ?"

"ನಾನು ನೋಡಿದ್ದೇನೆ ಮಾರಾಯ್ರೆ. ಅವಳ ಭುಜ ಹಾರ್ತದೆ."

"ಡಾಕ್ಟರಿಗೆ ಕಾಣದ್ದು ನಿಂಗೆ ಕಾಣ್ತದಾ?"

ಲೋಕಲ್ ರೈಲು ಬಂತು. ಲೇಡೀಸ್ ಡಬ್ಬಿಯಲ್ಲಿ ಜಯಲತಕ್ಕ ಮಗಳನ್ನು ಬಾಗಿಲಿನಿಂದ ದೂರ, ಸೀಟುಗಳ ನಡುವೆ ತಳ್ಳಿ, ತಾವು ಅವಳಿಗೆ ಗೋಡೆಯ ಹಾಗೆ ನಿಂತರು. ಇದೇ ರೈಲಿನಲ್ಲಿ ನಾಳೆ ಇವಳು ಕಾಲೇಜಿಗೆ ಹೋಗಬೇಕು. ಒಂದು ಕೈ ಕಂಬ ಹಿಡಿದು ಹೊರಗೆ ವಾಲುವ ಹುಡುಗಿಯರನ್ನು ನೋಡಿದಾಗಲೆಲ್ಲ ಅವರು ಮಗಳನ್ನು ಇನ್ನಷ್ಟು ಒಳಕ್ಕೆ ಸರಿಸಿದರು.

ಆಮೇಲಿನ ದಿನಗಳು ಬಹಳ ಕೆಟ್ಟವು. ಕಂಪ್ಯೂಟರಿನಲ್ಲಿ ತಾನೇ ಎಷ್ಟು ಸಲ ನೋಡಿದರೂ ಭುಜ ಹಾರುತ್ತಿರಲಿಲ್ಲ. ಕೈಯಲ್ಲಿ ಲೋಟ, ನೆಲದಲ್ಲಿ ಲೋಟ, ಅಷ್ಟೇ. ಹಾಗಾದರೆ ಆ ಪುಟ್ಟ ಪರದೆಯಲ್ಲಿ ಕಂಡದ್ದೇನು? ಕಾದು ಕಾದು ಕಣ್ಣೇ ಹುಟ್ಟಿಸಿಕೊಂಡದ್ದೇ? ಕ್ಯಾಮೆರಾ ಸಮುದ್ರದ ಆಚೆ ಸೇರಿತ್ತು. ಅತ್ತ ಅಶ್ಮಿತಾಳ ಕೈಯಿಂದ ಬಾಚಣಿಗೆ ಬೀಳುವುದು, ಪುಸ್ತಕ ಬೀಳುವುದು ನಿಲ್ಲಲಿಲ್ಲ. ಈಗ ಮಗಳು ಅಮ್ಮ ನೋಡುತ್ತಿದ್ದಾಳೆಯೇ ಎಂದು ಮೊದಲು ತಿರುಗಿ ನೋಡಿ, ಆಮೇಲೆ ಎತ್ತಿಕೊಳ್ಳುತ್ತಿದ್ದಳು.

ಒಂದೇ ಒಂದು ಸಮಾಧಾನವೆಂದರೆ ಮೂಲ ಫೈಲುಗಳು ಇನ್ನೂ ಇದ್ದವು. ಕೆಲಸ ಮುಗಿಯುವವರೆಗೆ ಟೇಪ್ ಅಳಿಸಬಾರದೆಂಬ ಸ್ಟುಡಿಯೊದ ಶಿಸ್ತಿನಿಂದ ಜಯಲತಕ್ಕ ಅವನ್ನು ಕಂಪ್ಯೂಟರಿನಲ್ಲೇ ಬಿಟ್ಟಿದ್ದರು. ಒಂದು ಶನಿವಾರ ಅವನ್ನು ಹಾಗೆಯೇ ಡಿವಿಡಿಗೆ ಬರೆದು, ಮಧ್ಯಾಹ್ನದ ಊಟ ಮುಗಿಸಿ, ಕೋಪರಿಗೆ ಹೊರಟರು. "ಗ್ಯಾಸ್ ಹಚ್ಚಬೇಡ, ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಬೇಡ," ಎಂದು ಮಗಳಿಗೆ ಹೇಳಿದರು.

ಸಂಕರ್ಷಣರು ಸಿಡಿಯನ್ನೂ ಡಿವಿಡಿಯನ್ನೂ ನೋಡಿ ತಲೆ ಕೆರೆದುಕೊಂಡರು. ಅವರೂ ಆಗಷ್ಟೇ ಟೇಪಿಲ್ಲದ ಕ್ಯಾಮೆರಾದ ಜೊತೆ ಒದ್ದಾಡಿ, ಒಂದು ಉಪನಯನದ ಧ್ವನಿಯನ್ನೇ ಕಳೆದುಕೊಂಡು, ಗಿರಾಕಿಯಿಂದ ಬೈಸಿಕೊಂಡಿದ್ದರು.

"ಕ್ಯಾಮೆರಾ ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಹಿಡಿತದೆ ಮಾರಾಯ್ತಿ," ಎಂದರು. "ನೀನು ಸಣ್ಣದು ಸಾಕು ಅಂದದ್ದಕ್ಕೆ ಈ ಕನ್ವರ್ಟರು ಅರ್ಧಕ್ಕಿಂತ ಹೆಚ್ಚು ಬಿಸಾಡಿದೆ. ಮದುವೆಯ ಮೆರವಣಿಗೆಯಲ್ಲಿ ಅದು ಯಾರಿಗೂ ಗೊತ್ತಾಗುದಿಲ್ಲ. ಆದರೆ ನಿನ್ನ ಹುಡುಗಿಯ ಭುಜ ಹಾರುದು ಆ ಬಿಸಾಡಿದ ಚಿತ್ರಗಳಲ್ಲೇ ಇದ್ರೆ?"

"ಹಾಗಾದ್ರೆ ನನ್ನಿಂದಲೇ ಹೋಯ್ತಾ ಸಂಕರ್ಷಣಣ್ಣ?"

"ಎಲ್ಲಿಗೂ ಹೋಗ್ಲಿಲ್ಲ. ಒರಿಜಿನಲ್ ಇದೆಯಲ್ಲ. ಒಂದು ಚಿತ್ರವೂ ಬಿಡದ ಹಾಗೆ, ನಮ್ಮ ಟೇಪಿನ ಫಾರ್ಮ್ಯಾಟಿಗೇ ಮಾಡುವ. ಫೈಲ್ ದೊಡ್ಡದಾಗ್ತದೆ, ಆಗಲಿ. ಎಡಿಟಿಂಗಿಗೆ ಅದೇ ಒಳ್ಳೇದು."

ಸ್ಟುಡಿಯೊದ ಕಂಪ್ಯೂಟರಿನಲ್ಲಿ ಕೆಲಸ ಶುರುವಾಯಿತು. ಪರದೆಯ ಮೇಲೆ ಹಸಿರು ಪಟ್ಟಿ ಇಷ್ಟಿಷ್ಟೇ ಮುಂದೆ ಸರಿಯಿತು. ಜಯಲತಕ್ಕ ಮನೆಗೆ ಫೋನು ಮಾಡಿದರು. ಯಾರೂ ಎತ್ತಲಿಲ್ಲ. ಸ್ವಲ್ಪ ಬಿಟ್ಟು ಮತ್ತೆ ಮಾಡಿದರು. ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಪಕ್ಕದ ಮನೆಯವರ ನಂಬರು ಮೊಬೈಲಿನಲ್ಲಿರಲಿಲ್ಲ. ಬಚ್ಚಲಿಗೆ ಹೋಗಿರಬಹುದು. ಹೋಗಿ ಚಿಲಕ ಹಾಕಿಕೊಂಡಿರಬಹುದು. ಬಿದ್ದಿರಬಹುದು. ಒಮ್ಮೆ ಹಾಗೆ ಯೋಚನೆ ಬಂದದ್ದೇ, ಹಸಿರು ಪಟ್ಟಿ ನಿಂತ ಹಾಗೆ ಕಂಡಿತು.

"ನೀನು ಹೊರಡು," ಎಂದರು ಸಂಕರ್ಷಣರು. "ಡಿಸ್ಕ್ ನಾನು ಮಾಡಿ ಇಡ್ತೇನೆ. ಮೋಹನದಾಸರು ವಾಶಿಯಿಂದ ಬರುವಾಗ ಥಾಣೆಯಲ್ಲಿ ಗಾಡಿ ಬದಲಿಸ್ತಾರಲ್ಲ, ಇಳಿದು ತೆಗೊಂಡು ಬರಲಿ."

ಗಂಡನಿಗೆ ಫೋನು ಮಾಡಿ ಅಷ್ಟು ಹೇಳಿ, ಅವರು "ಎಂತಕ್ಕೆ ಮತ್ತೆ ಅದೇ..." ಎನ್ನುವಷ್ಟರಲ್ಲಿ ಕಟ್ ಮಾಡಿ, ಜಯಲತಕ್ಕ ಸ್ಟೇಶನ್ನಿಗೆ ಓಡಿದರು. ಸಿಕ್ಕಿದ ಲೋಕಲ್ ಸ್ಲೋ. ಕಳವಾ, ಮುಂಬ್ರಾ, ದಿವಾ, ಒಂದೊಂದು ಸ್ಟೇಶನ್ನಿನಲ್ಲೂ ಅದು ನಿಂತೇ ಬಿಟ್ಟಿತೇನೋ ಎನಿಸಿತು. ಡೊಂಬಿವಲಿಯಲ್ಲಿ ಇಳಿದು ರಿಕ್ಷಾದವನಿಗೆ ಬೇಗ ಬೇಗ ಎನ್ನುತ್ತ, ಸೊಸೈಟಿಯ ಗೇಟಿನಲ್ಲಿ ಚಪ್ಪಲಿ ಒಂದು ಜಾರಿದ್ದನ್ನೂ ಎತ್ತಿಕೊಳ್ಳದೆ ಮೆಟ್ಟಿಲು ಹತ್ತಿದರು.

ಮಗಳು ಮೆಟ್ಟಿಲಿನ ಮೇಲೇ ಕೂತಿದ್ದಳು. ಮೈಯಲ್ಲಿ ಗಾಯವಿಲ್ಲ. ಮುಖ ಮಾತ್ರ ಅತ್ತು ಕೆಂಪಾಗಿತ್ತು.

"ಫೋನ್ ಯಾಕೆ ಎತ್ತಲಿಲ್ಲ ನೀನು? ಅಮ್ಮನ ಜೀವ ಹೋಯ್ತು!"

"ಲೈಟ್ ಗಯಾ ಥಾ," ಎಂದಳು. ಮನೆಯಲ್ಲಿದ್ದದ್ದು ಕಾರ್ಡ್‌ಲೆಸ್ ಫೋನು. ಕರೆಂಟಿಲ್ಲದಿದ್ದರೆ ಅದು ಸತ್ತ ಹಾಗೆ. ಈ ಮಾತು ಜಯಲತಕ್ಕನಿಗೆ ಹೊಳೆದೇ ಇರಲಿಲ್ಲ. ಅವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

ಆಗ ಅಶ್ಮಿತಾ ಕೇಳಿದಳು, "ಮಮ್ಮಿ, ತೂ ಮೇರಾ ಶೂಟಿಂಗ್ ಕರ್ ರಹೀ ಥೀ?"

ಕರೆಂಟು ಹೋಗುವ ಮೊದಲು ಆಟ ಆಡಲೆಂದು ಅವಳು ಕಂಪ್ಯೂಟರ್ ಹಾಕಿದ್ದಳು. ಅಲ್ಲಿ ತನ್ನನ್ನೇ ಕಂಡಿದ್ದಳು. ಕೆದರಿದ ತಲೆ, ರಾತ್ರಿಯ ಫ್ರಾಕು, ಕೈಯಿಂದ ಜಾರುವ ಲೋಟ. ಕಳ್ಳನನ್ನು ಹಿಡಿಯುವ ಹಾಗೆ ಅಮ್ಮ ತನ್ನನ್ನು ಹಿಡಿದಿದ್ದಾಳೆ ಎಂದು ಅವಳಿಗೆ ಅನಿಸಿತ್ತು. ಅದನ್ನೇ ಹಿಂದಿಯಲ್ಲಿ, ಬಿಕ್ಕುತ್ತ, ಹೇಳಿದಳು. ಜಯಲತಕ್ಕ ಏನೂ ಸಮರ್ಥನೆ ಕೊಡಲಿಲ್ಲ. ಡಾಕ್ಟರು ಹೇಳಿದ್ದನ್ನು ಹೇಳಿದರು. ನಿನಗೆ ಹೇಳಿಯೇ ಮಾಡಬೇಕಿತ್ತು, ಹೇಳಿದರೆ ನೀನು ಹೆದರುತ್ತೀ ಎಂದು ಹೆದರಿದೆ ಎಂದರು.

ಹುಡುಗಿ ತೋಳಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹೇಳಿದ ಮಾತು ಜಯಲತಕ್ಕನನ್ನು ಅಲ್ಲಾಡಿಸಿತು. "ಆದರೆ ಅದರಲ್ಲಿ ಕಾಣುವುದೇ ಇಲ್ಲ ಮಮ್ಮಿ. ನನಗೆ ಎಷ್ಟು ಜೋರಾಗಿ ಆಗುತ್ತದೆ. ಕರೆಂಟ್ ಹೊಡೆದ ಹಾಗೆ. ಪರೀಕ್ಷೆಯಲ್ಲಿ ಪೆನ್ನು ಎಲ್ಲಿಗೋ ಹಾರಿಹೋಗುತ್ತದೆ. ನಾನು ಹುಚ್ಚಿ ಆಗುತ್ತಿದ್ದೇನೆ ಅಂದುಕೊಂಡು ಯಾರಿಗೂ ಹೇಳಲಿಲ್ಲ."

ಅಷ್ಟು ದಿನ ತನ್ನ ಕಣ್ಣನ್ನೇ ನಂಬದೆ ಬದುಕಿದ ಜಯಲತಕ್ಕ ಮಗಳ ಕೈ ಹಿಡಿದುಕೊಂಡು, "ನಾನು ನೋಡಿದ್ದೇನೆ ಮಗಾ," ಎಂದರು.

ಸಂಜೆ ಮೋಹನದಾಸರು ಡಿಸ್ಕ್ ತಂದರು. ಮುಖ ಬಿಗಿದುಕೊಂಡೇ ತಂದರು. ಕರೆಂಟು ಬಂದಿತ್ತು. ಜಯಲತಕ್ಕ ಕಂಪ್ಯೂಟರಿಗೆ ಹಾಕಿದರು. ಎಡಿಟಿಂಗ್ ಸಾಫ್ಟ್‌ವೇರ್ ಈ ಸಲ ಗಲಾಟೆ ಮಾಡದೆ ತೆರೆಯಿತು. ಅಶ್ಮಿತಾ ತಾನೇ ಕುರ್ಚಿ ಎಳೆದುಕೊಂಡು ಅಮ್ಮನ ಪಕ್ಕ ಕೂತಳು. ಮೊದಲ ಕ್ಲಿಪ್ಪಿನಲ್ಲೇ ಅದು ಕಂಡಿತು. ಜಯಲತಕ್ಕ ಒಂದೊಂದೇ ಚಿತ್ರ ಮುಂದಕ್ಕೆ ಸರಿಸಿದರು. ಭುಜ ಕೆಳಗೆ. ಭುಜ ಕಿವಿಯ ಹತ್ತಿರ. ಬೆರಳುಗಳು ತೆರೆದಿವೆ. ಲೋಟ ಗಾಳಿಯಲ್ಲಿದೆ.

ಮೋಹನದಾಸರು ಬಾಗಿಲ ಬಳಿ ನಿಂತು ನೋಡುತ್ತಿದ್ದವರು ಹತ್ತಿರ ಬಂದರು. "ಇನ್ನೊಮ್ಮೆ ಹಾಕು," ಎಂದರು. ಇನ್ನೊಮ್ಮೆ ನೋಡಿದರು. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು, ಅಡಿಗೆಮನೆಗೆ ಹೋಗಿ ನೀರು ಕುಡಿದರು.

ಉಳಿದದ್ದನ್ನು ತಾಯಿ ಮಗಳು ಕೂಡಿಯೇ ಎಡಿಟ್ ಮಾಡಿದರು. ಯಾವುದು ನಿಜ, ಯಾವುದು ಅಲ್ಲ ಎಂದು ಅಶ್ಮಿತಾಳಿಗೇ ಗೊತ್ತು. "ಇದು ಹೌದು. ಇದಲ್ಲ, ಇದು ನಾನು ಸಿಟ್ಟಿನಲ್ಲಿ ಕುಕ್ಕಿದ್ದು. ಇದು... ಇದು ಹೌದು." ಪ್ರತಿಯೊಂದನ್ನೂ ಮೊದಲು ಇದ್ದ ವೇಗದಲ್ಲಿ, ಆಮೇಲೆ ನಿಧಾನವಾಗಿ ಜೋಡಿಸಿದರು.

ಡಾಕ್ಟರು ಒಂದು ಕ್ಲಿಪ್ ನೋಡಿ ಮುಗಿಸುವ ಮೊದಲೇ ನೆಟ್ಟಗೆ ಕೂತರು. ಕೊನೆಯವರೆಗೂ ನೋಡಿದ ಮೇಲೆ, ಇದು ಒಂದು ಬಗೆಯ ಅಪಸ್ಮಾರ, ಈ ವಯಸ್ಸಿನಲ್ಲೇ ಶುರುವಾಗುವಂಥದು, ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ ಎಂದರು. ನಿದ್ದೆ ಕಡಿಮೆ ಮಾಡಿಸಿ, ಬೆಳಗಿನ ಹೊತ್ತಿನಲ್ಲೇ ಮತ್ತೊಮ್ಮೆ ಪರೀಕ್ಷೆ ಮಾಡಿಸಿದಾಗ ಅದರಲ್ಲೂ ಸುಳಿವು ಸಿಕ್ಕಿತು. "ಹಿಂದಿನ ಸಲ ನಿಮ್ಮನ್ನು ಬರಿಗೈಲಿ ಕಳಿಸಿದೆ. ನೀವು ಬಿಡಲಿಲ್ಲ, ಒಳ್ಳೆಯದಾಯಿತು. ತಡವಾಗಿದ್ದರೆ ಇಡೀ ಮೈ ಸೆಟೆದು ಬೀಳುವ ಫಿಟ್ಸೇ ಬರಬಹುದಿತ್ತು," ಎಂದರು. ಅಪಸ್ಮಾರ ಎಂಬ ಹೆಸರು ಕೇಳಿದಾಗ ಮೋಹನದಾಸರ ಮುಖ ಬಿಳಿಚಿಕೊಂಡಿತು. ಆದರೆ ಮದುವೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಮಾತ್ರೆ ತರುವ ಕೆಲಸವನ್ನು ತಾವೇ ವಹಿಸಿಕೊಂಡರು.

ಕೈಯಿಂದ ಬೀಳುವುದು ಕೆಲವು ವಾರಗಳಲ್ಲಿ ನಿಂತಿತು. ಜಯಲತಕ್ಕನ ಹೆದರಿಕೆ ಅಷ್ಟು ಸುಲಭಕ್ಕೆ ನಿಲ್ಲಲಿಲ್ಲ. ಅಶ್ಮಿತಾ ವಾಶಿಯ ಕಾಲೇಜಿಗೆ ಹೋಗತೊಡಗಿದ ಮೇಲೆ, ರೈಲು ಹತ್ತಿದ್ದಕ್ಕೊಂದು, ಇಳಿದದ್ದಕ್ಕೊಂದು ಫೋನು ಬರಲೇಬೇಕು. ಒಮ್ಮೆ ಪರೀಕ್ಷೆಗೆ ನಿದ್ದೆಗೆಟ್ಟು ಓದಿದ ಮರುದಿನ ಮತ್ತೆ ಎರಡು ಸಲ ಭುಜ ಹಾರಿತೆಂದು ಅವಳೇ ಬಂದು ಹೇಳಿದಳು. ಆ ವಾರವಿಡೀ ತಾಯಿ ಮಲಗಲಿಲ್ಲ. ಅಷ್ಟರಲ್ಲಿ ಟೇಪುಗಳ ಕಾಲ ಮುಗಿದಿತ್ತು. ಮೆಮೊರಿ ಕಾರ್ಡಿನ ಕ್ಯಾಮೆರಾ, ಮೊಬೈಲು, ಗಲ್ಫಿನಿಂದ ಬಂದ ಬಗೆಬಗೆಯ ವಸ್ತುಗಳನ್ನು ಹಿಡಿದು, ಇದು ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ ಎಂದು ಕಲ್ಯಾಣದಿಂದಲೂ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಯಾರು ಬಂದರೂ ಜಯಲತಕ್ಕ ಮೊದಲು ಕೇಳುತ್ತಿದ್ದದ್ದು ಒಂದೇ. "ಒರಿಜಿನಲ್ ಅಳಿಸಲಿಲ್ಲ ಅಲ್ವಾ?"

ಅಶ್ಮಿತಾಳ ಪದವಿ ಮುಗಿಯುವ ವರ್ಷ ಡಾಕ್ಟರು ಒಂದು ಮಾತು ಕೇಳಿದರು. ಆ ವಿಡಿಯೊವನ್ನು ತಾವು ಕಲಿಸುವ ವಿದ್ಯಾರ್ಥಿಗಳಿಗೆ ತೋರಿಸಬಹುದೇ? ಇಂಥದ್ದು ಕ್ಲಿನಿಕ್ಕಿನಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಮೋಹನದಾಸರು ಬೇಡವೆಂದು ತಲೆಯಾಡಿಸುವಷ್ಟರಲ್ಲಿ ಡಾಕ್ಟರು, "ನಾನು ಕೇಳಿದ್ದು ಅವಳನ್ನು," ಎಂದರು.

ಅಶ್ಮಿತಾ ಎರಡು ದಿನ ಯೋಚಿಸಿದಳು. ಮುಖ ಕಾಣಬಾರದು, ಹಾಗಾದರೆ ಸರಿ ಎಂದಳು.

ಜಯಲತಕ್ಕ ಹಳೆಯ ಫೈಲುಗಳನ್ನು ತೆಗೆದರು. ಮಗಳ ಮುಖದ ಮೇಲೆ ಮಸುಕಾದ ಒಂದು ವೃತ್ತ ಇಟ್ಟು, ಅವಳು ತಿರುಗಿದಲ್ಲಿಗೆಲ್ಲ ಅದನ್ನು ಒಂದೊಂದೇ ಚಿತ್ರಕ್ಕೆ ಸರಿಸುತ್ತ ಹೋದರು. ತಾಳ್ಮೆಯ ಕೆಲಸ. ಭುಜ ಹಾರುವ ಕಡೆ ಬಂದಾಗ ಇಷ್ಟು ವರ್ಷವಾದರೂ ಅವರ ಕೈ ಮೌಸಿನ ಮೇಲೆ ಒಂದು ಕ್ಷಣ ತಡೆಯಿತು. ಪಕ್ಕದಲ್ಲಿ ಅನ್ನದ ತಟ್ಟೆ ಹಿಡಿದು ಕೂತಿದ್ದ ಅಶ್ಮಿತಾ ಪರದೆಯತ್ತ ಬಗ್ಗಿ ನೋಡಿ, "ಮಮ್ಮಿ, ಥೋಡಾ ಲೆಫ್ಟ್. ಕಿವಿ ಕಾಣ್ತಾ ಇದೆ," ಎಂದಳು. ಜಯಲತಕ್ಕ ವೃತ್ತವನ್ನು ಸ್ವಲ್ಪ ಎಡಕ್ಕೆ ಸರಿಸಿದರು.